ಸ್ಪಷ್ಟನೆ: ಶಸ್ತ್ರಚಿಕಿತ್ಸೆಯ ನಂತರದ ಕೀಮೋ ಎಲ್ಲರಿಗೂ ಅನಗತ್ಯವಲ್ಲ

"ಸ್ತನ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಕೀಮೋ ಬೇಡವೆಂದು 2018ರ ಅಧ್ಯಯನ ಸಾಬೀತುಪಡಿಸಿದೆ" ಎಂಬ ವಾಟ್ಸಾಪ್ ಸಂದೇಶವನ್ನು ನಾನೂ ಹಂಚಿದ್ದೆ, ಅದು ತಪ್ಪು. ಟೇಲರ್‌ಎಕ್ಸ್ ಎಂಬ ಆ ಅಧ್ಯಯನ ನಡೆದದ್ದು ಹಾರ್ಮೋನ್ ಪಾಸಿಟಿವ್ (ಹಾರ್ಮೋನ್ ನೆರವಿನಿಂದ ಬೆಳೆಯುವ), ಹರ್‌2 ನೆಗೆಟಿವ್ (ಹರ್‌2 ಎಂಬ ಪ್ರೋಟೀನ್ ಹೆಚ್ಚಿಲ್ಲದ) ಆಗಿದ್ದು ಕಂಕುಳಿನ ದುಗ್ಧಗ್ರಂಥಿಗಳಿಗೆ ಹರಡದಿದ್ದ ಕ್ಯಾನ್ಸರಿನ ಮೇಲೆ ಮಾತ್ರ. ಅಂಥ ರೋಗಿಗಳಲ್ಲಿಯೂ, ಕ್ಯಾನ್ಸರ್ ಮರುಕಳಿಸುವ ಅಪಾಯವನ್ನು ಅಳೆಯುವ 21 ಜೀನ್‌ಗಳ ಪರೀಕ್ಷೆಯಲ್ಲಿ 11ರಿಂದ 25 ಅಂಕ ಬಂದವರಲ್ಲಿ ಹೆಚ್ಚಿನವರಿಗೆ ಹಾರ್ಮೋನ್ ಚಿಕಿತ್ಸೆಯೊಂದೇ ಸಾಕೆಂದು ಕಂಡುಬಂದರೂ, 50 ವರ್ಷದೊಳಗಿನವರಿಗೆ 16ರಿಂದ 25 ಅಂಕವಿದ್ದಾಗ ಕೀಮೋದಿಂದ ಒಂದಿಷ್ಟು ಪ್ರಯೋಜನವಾಗಿತ್ತು. ಇಷ್ಟೆಲ್ಲದರಲ್ಲಿ ಸಂದೇಶಕ್ಕೆ ದಕ್ಕಿದ್ದು "ಕೀಮೋ ಬೇಡ" ಎಂಬ ಎರಡೇ ಪದ. ಟ್ರಿಪಲ್ ನೆಗೆಟಿವ್ (ಹಾರ್ಮೋನ್, ಹರ್‌2 ಎರಡಕ್ಕೂ ನೆಗೆಟಿವ್), ಹರ್‌2 ಪಾಸಿಟಿವ್ ಬಗೆಗಳು ಆ ಅಧ್ಯಯನದಲ್ಲಿ ಇರಲೇ ಇಲ್ಲ. ಸ್ಕ್ಯಾನಿನಲ್ಲಿ ಕಾಣದ ಕ್ಯಾನ್ಸರ್ ಕಣಗಳು ದೇಹದಲ್ಲಿ ಉಳಿದಿರಬಹುದೆಂಬ ಕಾರಣಕ್ಕೇ ಗಡ್ಡೆ ತೆಗೆದ ಮೇಲೂ ಕೀಮೋ ಕೊಡುತ್ತಾರೆ. ದಯವಿಟ್ಟು ಆ ಸಂದೇಶವನ್ನು ಇನ್ನು ಹಂಚಬೇಡಿ. ಗಡ್ಡೆಯ ಪರೀಕ್ಷಾ ವರದಿಯಲ್ಲಿ ಇಆರ್, ಪಿಆರ್ (ಇವೆರಡೂ ಹಾರ್ಮೋನ್ ಗ್ರಾಹಕಗಳು), ಹರ್‌2 ಎಂದಿರುವ ಸಾಲುಗಳನ್ನು ತೋರಿಸಿ ನಿಮ್ಮ ವೈದ್ಯರನ್ನೇ ಕೇಳಿ.