ಬಸ್ಸು ಬೋರ್ಡಲ್ಲಿ ಉಂಟಂತೆ

ಇಲ್ಲ ಮಾರಾಯ್ರೆ, ಇದನ್ನು ಹೇಳದೆ ನಂಗೆ ನಿದ್ದೆ ಬರುದಿಲ್ಲ. ಬಸ್ ಸ್ಟ್ಯಾಂಡ್ ಕೌಂಟರಲ್ಲಿ ಕೂತಿದ್ದವ್ರತ್ರ ಮರ್ಯಾದೆಯಲ್ಲೇ ಕೇಳಿದ್ದು, "ಸಾರ್, ಏಳೂಕಾಲಿನ ಮಂಗ್ಳೂರು ಬಸ್ ಎಂತಾಯ್ತು?" ಅಂತ. ಮೊಬೈಲಿಂದ ತಲೆ ಎತ್ತಲಿಲ್ಲ, ಪೆನ್ನಲ್ಲಿ ಗೋಡೆ ಬೋರ್ಡ್ ತೋರಿಸಿದ್ರು. "ಉಂಟಲ್ಲ, ಬರ್ದಿದೆ." ಬರ್ದಿದೆ ಸಾರ್, ಬಸ್ ಎಲ್ಲಿ? "ಟೈಮ್ ಹಾಕುದು ಮೇಲಿನ ಆಫೀಸು, ಬಸ್ ಬಿಡುದು ಡಿಪೋ, ನನ್ನತ್ರ ಕೇಳಿದ್ರೆ? ಅಷ್ಟು ಅರ್ಜೆಂಟಿದ್ರೆ ನೀವೇ ಒಂದು ಬಸ್ ತೆಗೊಳ್ಳಿ." ಹಿಂದೆ ನಿಂತಿದ್ದ ಕಾಲೇಜು ಮಕ್ಕಳು ಕಿಸಕ್ಕನೆ ನಕ್ರು. ಪಕ್ಕದಲ್ಲಿ ಅಮ್ಮ, ಕೈಯಲ್ಲಿ ಸ್ಕ್ಯಾನಿಂಗ್ ಫೈಲು. ಆಗ ನಾನು ಎಂತ ಹೇಳಿದ್ದು ಗೊತ್ತುಂಟಾ? "ಥ್ಯಾಂಕ್ಸ್ ಸಾರ್." ಥ್ಯಾಂಕ್ಸಂತೆ! ಎಂತಕ್ಕೆ? ಕೊಡ್ಬೇಕಾಗಿದ್ದ ಉತ್ತರ ಎಲ್ಲ ಈಗ ಮನೆಯಲ್ಲಿ ಕೂತಾಗ ಒಂದೊಂದೇ ಹೊಳೀತಾ ಉಂಟು, ದೊಡ್ಡ ವೀರ ನಾನು.

ಆಮೇಲೆ ಬಂತು, ಮೂರು ಬಸ್ಸು ಒಂದರ ಬೆನ್ನಿಗೊಂದು. ಮುಂದಿನದ್ರಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ, ಕಡೇದು ಖಾಲಿ. ಕಂಡಕ್ಟರ್ ಪಾಪ, ಅವ್ನಿಗೂ ತಲೆ ಕೆಟ್ಟಿದೆ. ಒಂದು ಟ್ರಿಪ್ಪಿಗೆ ಇಷ್ಟೊತ್ತು ಅಂತ ಕೊಡುವ ರನ್ನಿಂಗ್ ಟೈಮ್ ಈಗ್ಲೂ ಹೈವೇ ಆರು ಲೇನಾಗುವ ಮೊದಲಿನದ್ದೇ ಅಂತೆ, ದಾರಿಯಲ್ಲಿ ಸಿಗುವ ಕುಂಬಳೆ ಉಪ್ಪಳ ಎಲ್ಲ ಜನ ಹತ್ತುದು ಸರ್ವಿಸ್ ರೋಡಲ್ಲಿ, ಮೇಲಿನ ರಸ್ತೆಯಲ್ಲಿ ಹೋದ್ರೆ ಜನ ಬೈತಾರೆ, ಕೆಳಗೆ ಹೋದ್ರೆ ಲೇಟಾಯ್ತು ಅಂತ ಡಿಪೋದವ್ರು ಬೈತಾರೆ. ಲೇಟಾದಷ್ಟು ಸ್ಟಾಪಲ್ಲಿ ಜನ ಜಾಸ್ತಿ, ಜನ ಜಾಸ್ತಿಯಾದಷ್ಟು ಇನ್ನೂ ಲೇಟು, ಅಷ್ಟೊತ್ತಿಗೆ ಹಿಂದಿನ ಬಸ್ ಖಾಲಿ ಓಡ್ಕೊಂಡು ಬಂದು ಹಿಡೀತದೆ. ಹೀಗೆ ಲೇಟಾಗಿ ಲೇಟಾಗಿ ಸಂಜೆ ಒಂದು ಟ್ರಿಪ್ ಕಟ್.

ಅಲ್ಲ, ಟಿಕೆಟ್ ಮೆಷಿನಲ್ಲಿ ಪ್ರತಿ ಟಿಕೆಟಿಗೂ ಟೈಮ್ ಬೀಳ್ತದಲ್ಲ? ಎಷ್ಟೊತ್ತಿಗೆ ಯಾವ ಬಸ್ ಎಲ್ಲಿತ್ತು ಅಂತ ದಿನಾ ಅದ್ರಲ್ಲೇ ಉಂಟಲ್ಲ? ಟೈಮ್ ಹಾಕುವವ್ರು ಅದನ್ನು ಯಾವತ್ತಾದ್ರೂ ತೆರೆದು ನೋಡಿದ್ದುಂಟಾ, ಇಲ್ಲ ಕಲೆಕ್ಷನ್ ಲೆಕ್ಕಕ್ಕೆ ಮಾತ್ರವಾ ಆ ಮೆಷಿನು? ಯಾರಾದ್ರೂ ಗೊತ್ತಿದ್ದವ್ರು ಹೇಳಿ. ಯಾರಾದ್ರೂ!

ಹೇಳುದಿಲ್ಲ, ಗೊತ್ತುಂಟು. ಕೇರಳ-ಕರ್ನಾಟಕ ಗಡಿನಾಡಲ್ಲಿ ಈಚೆ ಕೇಳಿದ್ರೆ ಅದು ಆಚೆ ರಾಜ್ಯದ ಬಸ್ಸು, ಆಚೆ ಕೇಳಿದ್ರೆ ಈಚೆಯದ್ದು. 2020ರಲ್ಲಿ ಕೊರೋನಾ ಅಂತ ತಲಪಾಡಿ ಗಡಿ ಬಂದ್ ಮಾಡಿದಾಗ ಬಸ್ಸಿಲ್ಲ ಅಂತಾದ್ರೂ ಗೊತ್ತಿತ್ತು. ಬಿಡಿ, ನಮ್ಗೆ ಅಭ್ಯಾಸ. ಎಂತ ಬಿಡುದು! ನಾವು ಮುಟ್ಟುವಾಗ ಡಾಕ್ಟ್ರು ಎದ್ದು ಹೋಗಿ ಆಗಿತ್ತು, ಮುಂದಿನ ವಾರ ಬನ್ನಿ ಅಂದ್ರು. ರೈಲಲ್ಲಿ ಹೋಗ್ಬಹುದಿತ್ತಲ್ಲ ಅಂತ ಬುದ್ಧಿ ಹೇಳುವವ್ರು ದಯವಿಟ್ಟು ಬನ್ನಿ, ಮಂಡಿ ನೋವಿನ ಅಮ್ಮನನ್ನು ಸ್ಟೇಷನ್ ಮೆಟ್ಟಿಲು ನೀವೇ ಹತ್ತಿಸಿ.