ಕೂಸಿಗೆ ಎರಡೂವರೆ, ಸಾಕ್ಷಿ ಎಲ್ಲಿ?

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳ ವಯಸ್ಸು ಗೊತ್ತಾಗುವುದು ಕೌಂಟರಿನ ಮುಂದೆ. ಒಂದನೇ ಕ್ಲಾಸಿನ ಅರ್ಜಿ ಹಿಡಿದು ನಿಂತಾಗ ಎಲ್ಲ ಕೂಸುಗಳಿಗೂ ಆರು ತುಂಬಿರುತ್ತದೆ. ಅದೇ ಕೂಸು ಮರುದಿನ ಬೆಂಗಳೂರು ರೈಲು ಹತ್ತುವಾಗ ಐದರ ಕೆಳಗೆ ಇಳಿದಿರುತ್ತದೆ. ಅಪ್ಪ-ಅಮ್ಮನಿಗೆ ಇದರಲ್ಲಿ ನಾಚಿಕೆ ಏನೂ ಇಲ್ಲ. ಇರಬೇಕಾದ ಕಾರಣವೂ ಇಲ್ಲ, ಯಾಕೆಂದರೆ ಸರ್ಕಾರದ ಲೆಕ್ಕವೇ ಹಾಗಿದೆ.

ರೈಲಿನಲ್ಲಿ 5 ತುಂಬುವವರೆಗೆ ಪುಕ್ಕಟೆ. 5ರಿಂದ 12ರೊಳಗೆ ಬರ್ತ್ ಬೇಡ ಅಂದರೆ ಅರ್ಧ ದುಡ್ಡು, ಬೇಕು ಅಂದರೆ 2016ರಿಂದ ಪೂರ್ತಿ ದುಡ್ಡು. ಅಂದರೆ ಅಪ್ಪನ ತೊಡೆ ಮೇಲಿದ್ದರೆ ಸಣ್ಣವನು, ಕೆಳಗಿಳಿದು ಮಲಗಿದರೆ ದೊಡ್ಡವನು. ಗೋಕುಲ ರಸ್ತೆಯ ವಾಯವ್ಯ ಸಾರಿಗೆ ಸಂಸ್ಥೆಯವರು ಇನ್ನೊಂದು ವರ್ಷ ಉದಾರಿಗಳು. 6 ತುಂಬುವವರೆಗೆ ಪುಕ್ಕಟೆ, ಆಮೇಲೆ 12ರವರೆಗೆ ಅರ್ಧ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ವಯಸ್ಸು ಕಂಡಕ್ಟರಿಗೆ ಬೇಡವಾಯಿತು. ಈಗ ಬಸ್ಸಿನಲ್ಲಿ ವಯಸ್ಸಾಗುವುದು ಗಂಡುಹುಡುಗರಿಗೆ ಮಾತ್ರ. ಅಕ್ಕ ಕಿಟಕಿ ಪಕ್ಕ ಪುಕ್ಕಟೆ ಕೂತು, ತಮ್ಮನಿಗೆ ಮೊನ್ನೆಯೇ ಆರು ತುಂಬಿದ್ದನ್ನು ಯಾರೂ ಕೇಳದೆ ಕಂಡಕ್ಟರಿಗೆ ಹೇಳುತ್ತಾಳೆ.

ಶಾಲೆಯದು ಬೇರೆಯೇ ಕಥೆ. ಜೂನ್ 1ಕ್ಕೆ 6 ತುಂಬಲೇಬೇಕು ಅಂದರು. ಅಪ್ಪ-ಅಮ್ಮ ಗಲಾಟೆ ಮಾಡಿದರು. 2025ರಲ್ಲಿ, ಆ ಒಂದು ವರ್ಷದ ಮಟ್ಟಿಗೆ, 5 ವರ್ಷ 5 ತಿಂಗಳು ಆಗಿದ್ದರೂ ನಡೆಯುತ್ತದೆ ಅಂತ ಸರ್ಕಾರವೇ ಒಪ್ಪಿಕೊಂಡಿತು. ಸರ್ಕಾರ ಮಾಡಿದರೆ ಅದು ವಿನಾಯಿತಿ. ಅಪ್ಪ ಮಾಡಿದರೆ ಸುಳ್ಳು.

ಇದೆಲ್ಲ ರೂಢಿಯಾಗಿತ್ತು. ಆದರೆ ಥೀಮ್ ಪಾರ್ಕಿನ ಗೇಟು ಇವೆಲ್ಲವನ್ನೂ ಮೀರಿಸಿದೆ. ಬಸ್ಸು, ರೈಲಿನಲ್ಲಿ ಸುಳ್ಳು ಹೇಳಿದವರಿಗೆ ಫಜೀತಿ. ಇಲ್ಲಿ ನಿಜ ಹೇಳಿದವರಿಗೆ.

2025ರ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗನನ್ನು ಕರೆದುಕೊಂಡು ಮನೆಮಂದಿಯೆಲ್ಲ ಒಂದು ಪಾರ್ಕಿಗೆ ಹೋದೆವು. ಯಾವುದು ಅಂತ ಕೇಳಬೇಡಿ. ಮೂರು ವರ್ಷದೊಳಗಿನ ಮಕ್ಕಳಿಗೆ ಉಚಿತ ಅಂತ ಬೋರ್ಡು ಇತ್ತು. ಕೂಸಿಗೆ ನಿಜವಾಗಿಯೂ ಎರಡೂವರೆ. ಆದರೆ ಅಜ್ಜಿ ತುಪ್ಪ ಸುರಿದು ಬೆಳೆಸಿದ ಕೂಸು. ನೋಡಿದವರು ನಾಲ್ಕು ಅಂತಾರೆ.

“ಎಷ್ಟ ವರ್ಷರೀ ಇವಂಗ?”

“ಎರಡೂವರಿ ರೀ.”

“ಎಲ್ಲಾರೂ ಎರಡೂವರೀನ ಅಂತಾರರಿ. ನಾ ಕೆಲಸಕ್ಕ ಸೇರಿದಾಗಿಂದ ಈ ಗೇಟಿಗೆ ಮೂರು ತುಂಬಿದ ಕೂಸು ಒಂದೂ ಬಂದಿಲ್ಲ ನೋಡ್ರಿ. ಎರಡೂವರಿಂದ ಸೀದಾ ಹನ್ನೆರಡಕ್ಕ ಹೋಗ್ತಾವ.”

ಅವನ ಮಾತೂ ಸುಳ್ಳಲ್ಲ ಬಿಡಿ. ತಂಗಿ ಪರ್ಸಿನಿಂದ ನೀಲಿ ಆಧಾರ್ ತೆಗೆದಳು. ಐದು ವರ್ಷದೊಳಗಿನವರಿಗೆ ಕೊಡುವ ಕಾರ್ಡು, ಬೆರಳಚ್ಚು, ಕಣ್ಣಿನ ಗುರುತು ಏನೂ ಇರುವುದಿಲ್ಲ. ಇರುವುದು ಒಂದು ಫೋಟೋ. ಅದನ್ನು ತೆಗೆಸಿದ್ದು ಕೂಸಿಗೆ ಕುತ್ತಿಗೆ ನಿಲ್ಲುವ ಮೊದಲು. ಗೇಟಿನವನು ಫೋಟೋ ನೋಡಿದ, ಕೂಸನ್ನು ನೋಡಿದ. “ಇದು ಬ್ಯಾರೆ ಕೂಸರಿ” ಅಂದ. ಅದೂ ಅಲ್ಲದೆ ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆ ಅಲ್ಲ ಅಂತ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪುಣ್ಯಕ್ಕೆ ಗೇಟಿನವನಿಗೆ ಅದು ಗೊತ್ತಿರಲಿಲ್ಲ.

ಆಮೇಲೆ ಮೊಬೈಲಿನಲ್ಲಿದ್ದ ಜನನ ಪ್ರಮಾಣಪತ್ರ ಹೊರಬಂತು. ಅದರಲ್ಲಿ ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ. ಕೂಸಿನ ಹೆಸರಿನ ಜಾಗ ಖಾಲಿ. ಕಾನೂನಿನ ಪ್ರಕಾರ ಹುಟ್ಟಿದ್ದನ್ನು 21 ದಿನದೊಳಗೆ ನೋಂದಾಯಿಸಬೇಕು. ನಮ್ಮಲ್ಲಿ ತೊಟ್ಟಿಲು ಕಾರ್ಯಕ್ರಮಕ್ಕೆ ಸೋದರತ್ತೆಗೆ ರಜೆ ಸಿಕ್ಕ ಮೇಲೆ ಹೆಸರಿಡುವುದು. ಆಮೇಲೆ ಹೆಸರು ಸೇರಿಸಲು 15 ವರ್ಷದವರೆಗೂ ಅವಕಾಶ ಇದೆ ಅಂತ ಗೊತ್ತಾದರೆ ಯಾವ ಅಪ್ಪ ತಾನೇ ಅವಸರ ಮಾಡುತ್ತಾನೆ? 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ ಎಲ್ಲದಕ್ಕೂ ಈ ಒಂದೇ ಪತ್ರ ಸಾಕು ಅಂತ ಕಾನೂನಾಗಿದೆ. ನಮ್ಮ ಕೂಸು ಅದಕ್ಕೂ ಮೊದಲೇ ಹುಟ್ಟಿಬಿಟ್ಟಿದೆ. ಥೀಮ್ ಪಾರ್ಕನ್ನು ಆ ಪಟ್ಟಿಗೆ ಸೇರಿಸಲು ಸಂಸತ್ತೂ ಮರೆತಿದೆ.

ಅಷ್ಟರಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಉಪಾಯ ಹೇಳಿದರು. “ಹಲ್ಲ ಎಣಸ್ರಿ, ಗೊತ್ತಾಗ್ತದ.” ಎರಡೂವರೆಗೆಲ್ಲ ಹಾಲುಹಲ್ಲು 20 ಬಂದಿರುತ್ತವೆ. ಐದಾದರೂ ಅವೇ 20. ಇದನ್ನು ನಾನು ವಿವರಿಸುವುದರೊಳಗೆ ಅವರು ಬೆರಳು ಹಾಕಿಬಿಟ್ಟಿದ್ದರು. ಕೂಸು ಬಾಯಿ ಮುಚ್ಚಿತು. ಹಲ್ಲು ಗಟ್ಟಿ ಇವೆ ಅನ್ನುವುದಕ್ಕೆ ಮಾತ್ರ ಸಾಕ್ಷಿ ಸಿಕ್ಕಿತು.

ನಮ್ಮಪ್ಪನದು ಇನ್ನೊಂದು ತಮಾಷೆ. 60 ದಾಟಿದವರಿಗೆ ಅಲ್ಲಿ ರಿಯಾಯಿತಿ ಇತ್ತು. ಅಪ್ಪ ಹುಟ್ಟಿದ್ದು ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, 1965ರ ಸೆಪ್ಟೆಂಬರಿನಲ್ಲಿ. ಶಾಲೆಗೆ ಸೇರಿಸುವಾಗ ಮಾಸ್ತರರು ಬಲಗೈಯನ್ನು ತಲೆ ಮೇಲಿಂದ ತರಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿತು. ರಿಜಿಸ್ಟರಿನಲ್ಲಿ 1-6-1964 ಅಂತ ಬರೆದರು. ಆ ಕಾಲಕ್ಕೆ ಶಾಲೆ ಮೆಟ್ಟಿಲು ಹತ್ತಿದವರಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ, ನಿಮ್ಮ ಮನೆಯಲ್ಲೂ ಒಬ್ಬರು ಇರಬೇಕು, ಅಲ್ವಾ? ಮಾಸ್ತರರ ಆ ಕೈಬರಹದಿಂದ ಅಪ್ಪನ ನೌಕರಿ ಒಂದು ವರ್ಷ ಮೊದಲೇ ಮುಗಿಯಿತು. ಈಗ ಅದೇ ತಾರೀಖು ತೋರಿಸಿದರು, 59ರ ಅಪ್ಪ ಹಿರಿಯ ನಾಗರಿಕರಾಗಿ ಒಳಗೆ ಹೋದರು. ದಾಖಲೆ ಇದ್ದ ಸುಳ್ಳು ಒಳಗೆ, ದಾಖಲೆ ಇಲ್ಲದ ನಿಜ ಗೇಟಿನ ಹೊರಗೆ ಅಮ್ಮನ ಸೆರಗು ಎಳೆಯುತ್ತ ನಿಂತಿತ್ತು. ಅಂದ ಹಾಗೆ, ಸುಪ್ರೀಂ ಕೋರ್ಟು ಆಧಾರ್ ಬದಿಗಿಟ್ಟು ನಂಬಿದ್ದು ಶಾಲೆಯ ಸರ್ಟಿಫಿಕೇಟನ್ನು.

ಕೊನೆಗೆ ಮಕ್ಕಳ ಟಿಕೆಟ್ ತೆಗೆಸಿದೆವು. ಕೂಸು ಆ ಕ್ಷಣದಿಂದ ಅಧಿಕೃತವಾಗಿ ದೊಡ್ಡದಾಯಿತು. ಒಳಗೆ ಮೊದಲನೇ ಜಾರುಬಂಡಿಯ ಹತ್ತಿರ ಹೋದರೆ ಅಲ್ಲೊಂದು ಎತ್ತರದ ಪಟ್ಟಿ. ಅದಕ್ಕೆ ಕೂಸಿನ ತಲೆ ಮುಟ್ಟಲಿಲ್ಲ.

“ಇವಾ ಭಾಳ ಸಣ್ಣಾಂವ ಅದಾನರೀ, ಬಿಡಂಗಿಲ್ಲ” ಅಂದ ಅಲ್ಲಿಯವನು. ಇಬ್ಬರಿಗೂ ಒಂದೇ ಬಣ್ಣದ ಯೂನಿಫಾರ್ಮು.

ಈ ಜಗಳ ನಮ್ಮ ಊರಿನದಷ್ಟೇ ಅಲ್ಲ. ಫ್ಲೋರಿಡಾದ ಡಿಸ್ನಿ ವರ್ಲ್ಡಿನಲ್ಲಿ ಮೂರು ತುಂಬುವವರೆಗೆ ಪುಕ್ಕಟೆ. ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ ನಾಲ್ಕು ತುಂಬುವವರೆಗೆ. ಮೂರೂವರೆಯ ಕೂಸು ಅಮೆರಿಕದಲ್ಲಿ ಗಿರಾಕಿ, ಜಪಾನಿನಲ್ಲಿ ಅತಿಥಿ. ಇನ್ನು ಕೆಲವು ಪಾರ್ಕಿನವರು ವಯಸ್ಸಿನ ಸಹವಾಸ ಬಿಟ್ಟು 85 ಸೆಂಟಿಮೀಟರ್ ಅಂತ ಗೆರೆ ಎಳೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎರಡು ವರ್ಷದ ಹುಡುಗನ ಸರಾಸರಿ ಎತ್ತರವೇ ಸುಮಾರು 87. ಅಂದರೆ ಎರಡು ತುಂಬುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಹುಡುಗರು ಗೆರೆ ದಾಟಿರುತ್ತಾರೆ. ಅಜ್ಜಿಯ ತುಪ್ಪಕ್ಕೆ ದಂಡ.

ನನ್ನ ಸಲಹೆ ಏನೆಂದರೆ ಮಾಸ್ತರರ ಕಿವಿ ಪರೀಕ್ಷೆಯನ್ನೇ ಗೇಟಿಗೆ ತರಬೇಕು. ಕಿವಿ ಮುಟ್ಟಿದವನಿಗೆ ಟಿಕೆಟ್, ಮುಟ್ಟದವನು ಪುಕ್ಕಟೆ. ಝೆರಾಕ್ಸ್ ಖರ್ಚು ಉಳಿಯುತ್ತದೆ. ಕಿವಿಗೆ ಎರಡು ಬೆರಳು ಇರುವಾಗ ಕೈ ನಿಲ್ಲಿಸುವುದು ಹೇಗೆ ಅಂತ ಕಲಿಸಲು ನಮ್ಮಲ್ಲಿ ಜನ ಇದ್ದೇ ಇದ್ದಾರೆ. ಕೆಎಎಸ್, ಪಿಎಸ್ಐ ಎಲ್ಲಕ್ಕೂ ಕೋಚಿಂಗ್ ಕೊಡುವ ಧಾರವಾಡದ ಸಪ್ತಾಪುರದಲ್ಲಿ ಇನ್ನೊಂದು ಬೋರ್ಡು ಏಳುವುದು ಕಷ್ಟವೇ? ಎರಡೂವರೆ ವರ್ಷದವರಂತೆ ಕಾಣಲು ಹದಿನೈದು ದಿನದ ಬ್ಯಾಚು. ಸೇರುವವರಿಗೆ ಮೂರು ತುಂಬಿರಬೇಕು, ಜನನ ಪ್ರಮಾಣಪತ್ರ ಕಡ್ಡಾಯ.