ದಿಂಬಿನ ಮೇಲಿನ ನೀರುನಾಯಿ

ಗಂಗಾವತಿಯ ನಮ್ಮ ಮನೆಯ ಸೋಫಾದ ಮೇಲೆ ಆರು ತಿಂಗಳಿಂದ ಒಂದು ನೀರುನಾಯಿ ಇದೆ. ಹದಿನಾರು ಇಂಚಿನ ದಿಂಬಿನ ಕವರು, ಅದರ ಮೇಲೆ ಬಂಡೆ, ಬಂಡೆಯ ಮೇಲೆ ಬಾಯಲ್ಲಿ ಮೀನು ಕಚ್ಚಿಕೊಂಡು ಕೂತ ನೀರುನಾಯಿ. ಬರೆದವಳು ನಮ್ಮಕ್ಕನ ಮಗಳು. ನಮ್ಮವ್ವ ಮೊದಲ ಸಲ ನೋಡಿದಾಗ, "ಚಂದ ಐತವಾ, ಆದ್ರ ಇದು ಮುಂಗುಸಿ ಅಲ್ಲನು?" ಅಂದಳು.

ಹುಡುಗಿಗೆ ಸ್ವಲ್ಪ ಬೇಜಾರಾಯಿತು. ಆಗದೆ ಇರುತ್ತಾ? ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅಲ್ಲಿ ನಾಲ್ಕು ದಿನ ಬೆಳಗಿನ ಚಳಿಯಲ್ಲಿ ಕೂತು, ಒಂದೇ ಒಂದು ಸಲ, ಅದೂ ಬರೀ ತಲೆ ನೋಡಿ ಬಂದು ಬರೆದಿದ್ದಳು.

ಚಿತ್ರ ಬರೆದರೆ ಕೆಲಸ ಮುಗಿಯಿತು ಅಂತ ನಾನು ತಿಳಿದಿದ್ದೆ. ಅಸಲಿ ಫಜೀತಿ ಆಮೇಲೆ. ಕಂಪ್ಯೂಟರಿನಲ್ಲಿ ನಮ್ಮ ಭತ್ತದ ಗದ್ದೆಯ ಹಾಗೆ ಹೊಳೆಯುತ್ತಿದ್ದ ಹಸಿರು, ಬಟ್ಟೆಯ ಮೇಲೆ ನಿನ್ನೆಯ ಮೆಂತ್ಯ ಪಲ್ಯದ ಬಣ್ಣಕ್ಕೆ ಬಂತು. ಪರದೆಯ ಬಣ್ಣ ಬೆಳಕಿನದು, ಬಟ್ಟೆಯದು ಶಾಯಿಯದು, ಎರಡಕ್ಕೂ ತಾಳಮೇಳ ಇರಲ್ಲವಂತೆ. ಅದೇ ಚಿತ್ರವನ್ನು ಚಹಾ ಕಪ್ಪಿನ ಮೇಲೆ ಹಾಕಿಸೋದು ಇನ್ನೊಂದು ಕಥೆ. ಲೇಪ ಇರುವ ಕಪ್ಪೇ ಬೇಕು, ಕಾಗದದಲ್ಲಿ ಅಚ್ಚಾದ ಚಿತ್ರವನ್ನು ಅದಕ್ಕೆ ಸುತ್ತಿ ಸುಮಾರು 200 ಡಿಗ್ರಿ ಕಾವಿನಲ್ಲಿ ಒತ್ತಿದರೆ ಶಾಯಿ ಆವಿಯಾಗಿ ಆ ಲೇಪದೊಳಗೆ ಇಳಿಯುತ್ತೆ. ಕಿಟಕಿ ಪರದೆಯ ಬಟ್ಟೆಗೋ, ಅದೇ ಚಿತ್ರ ಜೋಡಣೆ ಕಾಣದ ಹಾಗೆ ಮತ್ತೆ ಮತ್ತೆ ಬರಬೇಕು, ಅದಕ್ಕೆ ಚಿತ್ರವನ್ನು ನಾಲ್ಕು ತುಂಡು ಮಾಡಿ, ಅಂಚಿನದನ್ನು ಮಧ್ಯಕ್ಕೆ, ಮಧ್ಯದ್ದನ್ನು ಅಂಚಿಗೆ ತಂದು ಜೋಡಿಸಬೇಕು. ಇಲ್ಲದಿದ್ದರೆ ಇಲ್ಲಿ ಬಾಲ, ಅಲ್ಲಿ ತಲೆ! ಇಷ್ಟೆಲ್ಲಾ ಆಗಿ ಮೊದಲ ಹತ್ತು ಕವರು ಹೊಲಿಗೆಗೆ ಹೋದವು. ಟೇಲರ್ ಅರ್ಧ ಇಂಚು ಜಾಸ್ತಿ ಒಳಗೆ ಹಿಡಿದ. ಹತ್ತೂ ನೀರುನಾಯಿಗಳ ಮೀಸೆ ಹೊಲಿಗೆಯೊಳಗೆ ಸೇರಿಹೋಯಿತು. ನಮ್ಮ ಸೋಫಾದ ಮೇಲಿರುವುದು ಆ ಮೀಸೆಯಿಲ್ಲದವುಗಳಲ್ಲಿ ಒಂದು. ಪುಕ್ಕಟೆ ಬಂದಿದ್ದು ಹಾಗೆ.

ನನಗೆ ಮೋಜು ಅನಿಸೋದು ಬೇರೆ. ನಮ್ಮಲ್ಲಿ ಕಿನ್ನಾಳದ ಗೊಂಬೆಯೊಂದಿದೆ, ಗಾಜಿನ ಕಪಾಟಿನಲ್ಲಿ. ಅದಕ್ಕೆ ಯಾರೂ ಕೆಲಸ ಹೇಳಲ್ಲ, ನಿಂತರೆ ಸಾಕು. ದಿಂಬು ಹಾಗಲ್ಲ ನೋಡಿ, ಒರಗೋದಕ್ಕೇ ಇರೋದು. ಚಿತ್ರ ಗೋಡೆ ಬಿಟ್ಟು ದಿನದ ಬದುಕಿಗೆ ಬರಲಿ ಅಂತ ಹುಡುಗಿ ಇಷ್ಟೆಲ್ಲಾ ಒದ್ದಾಡಿದ್ದು. ಆದರೆ ಮನೆಗೆ ಬಂದವರು ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ತಲೆಗೆ ಎಣ್ಣೆ ಹಚ್ಚಿದ ದಿನ ನಾನಂತೂ ಆ ಕಡೆ ಸುಳಿಯಲ್ಲ. ಅವಳೇ ಕೊಟ್ಟ ಕಳ್ಳಿಪೀರ ಹಕ್ಕಿಯ ಒರೆಸುವ ಬಟ್ಟೆ ಅಡುಗೆಮನೆಯ ಮೊಳೆಗೆ ಕ್ಯಾಲೆಂಡರಿನ ಹಾಗೆ ತೂಗುತ್ತಿದೆ. ಒಲೆ ಒರೆಸಲು ಅದರ ಹಿಂದೆ ಹಳೇ ಪಂಚೆಯ ತುಂಡು.

ಹೋದ ವಾರ ಹುಡುಗಿ ಬಂದಳು. ಸೋಫಾದ ಮೇಲೆ ಹಳೇ ಸೀರೆಯಿಂದ ಹೊಲಿದ ಕವರಿನ ದಿಂಬು. "ಅಜ್ಜಿ, ನನ್ನ ನೀರುನಾಯಿ ಎಲ್ಲಿ?"

ಅವ್ವ ಸೀರೆಯ ಕವರಿನ ಮೂಲೆ ಎತ್ತಿ ತೋರಿಸಿದಳು. ಒಳಗೆ ಮೀನು, ಅರ್ಧ ಮುಖ.

"ಹೊಲಸಾಗಬಾರ್ದಂತ ಮುಚ್ಚೀನವಾ. ಹೊಳ್ಯಾಗೂ ನಿನಗ ಇಷ್ಟೇ ಅಲ್ಲನು ಕಂಡಿದ್ದು?"